ಕಂತಿನ ಮೇಲೆ ಧರ್ಮಸ್ಥಳ: ಯಾವ ತಿಂಗಳಿಗೆ ಯಾವ ದಾರಿ?

ಹಾಸನ: ‘ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಅನ್ನೋದು ನಮ್ಮ ಕಡೆ ಹಳೇ ಮಾತು. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರಿಗೆ ಈ ಮಾತು ವರ್ಷಗಟ್ಟಲೆ ನಿದ್ದೆ ಕೆಡಿಸಿತ್ತು. ಮಗಳು ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಎದ್ದು ಬಂದರೆ ಹಾಸನದಿಂದ ಧರ್ಮಸ್ಥಳಕ್ಕೆ ನಡೆದೇ ಬರ್ತೀನಿ ಅಂತ ಹರಕೆ ಹೊತ್ತರು. ಮಗಳು ಎದ್ದಳು, ಕಾಲೇಜಿಗೂ ಹೊರಟಳು. ಅಪ್ಪ ಮಾತ್ರ ಹೊರಡಲಿಲ್ಲ.

ಹೊರಡಲಿಲ್ಲ ಅಂದರೆ ತಪ್ಪಾಗುತ್ತದೆ. 2024ರ ಶಿವರಾತ್ರಿಗೆ ಹೊರಟಿದ್ದರು. ಆ ವರ್ಷ ಶಿವರಾತ್ರಿ ಬಿದ್ದಿದ್ದು ಮಾರ್ಚ್ 8ಕ್ಕೆ. ಬೆಂಗಳೂರು ಕಡೆಯಿಂದ ನಡೆದು ಬಂದ ಹುಡುಗರ ಗುಂಪಿನ ಜೊತೆ ಸೇರಿಕೊಂಡರು. ಆ ಹುಡುಗರಿಗೆ ಆಗಲೇ ನಾಲ್ಕೈದು ದಿನ ನಡೆದು ಕಾಲು ಗಟ್ಟಿಯಾಗಿತ್ತು. ನಮ್ಮ ಯಜಮಾನರದ್ದು ಗಲ್ಲಾಪೆಟ್ಟಿಗೆ ಹಿಂದೆ ಕೂತ ಕಾಲು. ಬರಿಗಾಲಲ್ಲಿ ನಡೆಯೋದು ಅಂತ ಬೇರೆ ಹಟ. ಎರಡನೇ ದಿನ ಬೇಲೂರು ದಾಟಿದ ಮೇಲೆ ಮಧ್ಯಾಹ್ನದ ಟಾರು ರಸ್ತೆಗೆ ಅಂಗಾಲು ಬೊಬ್ಬೆ ಎದ್ದು, ತಲೆ ಸುತ್ತಿ, ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತವರು ಮತ್ತೆ ಏಳಲಿಲ್ಲ. ಯಾರೋ ಪುಣ್ಯಾತ್ಮರು ಮಜ್ಜಿಗೆ ಕುಡಿಸಿ ಹಾಸನದ ಬಸ್ಸು ಹತ್ತಿಸಿದರು. ಆಮೇಲೆ ಎರಡು ತಿಂಗಳು ಈ ವಿಷಯ ಎತ್ತಿದರೆ ಮುಖ ತಿರುಗಿಸೋರು.

ಅದೇ ಯಜಮಾನರು ಈಗ ಧರ್ಮಸ್ಥಳದ ಹತ್ತಿರ ಹತ್ತಿರ ಬಂದಿದ್ದಾರೆ. ಹೇಗೆ ಅಂತೀರಾ? ಕಂತಿನಲ್ಲಿ. ಅಂಗಡಿಯ ವಾರದ ರಜೆ ಮಂಗಳವಾರ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಹಿಂದಿನ ಸಲ ನಿಂತ ಕಡೆ ಇಳಿದು, ಅಲ್ಲಿಂದ ನಡೆದು, ಸಾಯಂಕಾಲದ ಬಸ್ಸಿಗೆ ವಾಪಸ್. ಎಲ್ಲಿ ನಿಲ್ಲಿಸಿದರೋ ಅಲ್ಲಿನ ಹಳದಿ ತಲೆಯ ಕಿಲೋಮೀಟರು ಕಲ್ಲಿಗೆ ಒಂದು ಬೊಟ್ಟು ಕುಂಕುಮ. ಮುಂದಿನ ಸಲ ಆ ಕಲ್ಲು ಮುಟ್ಟಿಯೇ ಹೊರಡೋದು. ಒಂದು ಹೆಜ್ಜೆಯೂ ಬಸ್ಸಲ್ಲಿ ಹೋಗಬಾರದಲ್ಲ, ಅದಕ್ಕೆ.

ಈ ಸುದ್ದಿ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ದೊಡ್ಡ ಪಂಚಾಯ್ತಿ ಆಗಿ ಕೂತಿದೆ. ಮೂವತ್ತು ಸಲ ಶಿವರಾತ್ರಿಗೆ ನಡೆದಿದ್ದೇನೆ ಅನ್ನುವ ಹಿರಿಯರೊಬ್ಬರು ಯಜಮಾನರ ಎದುರಿಗೇ, ‘ಹರಕೇನೂ ಕಂತಲ್ಲಿ ತೀರಿಸ್ತೀಯಾ, ಇದೇನ್ ಚೀಟಿ ದುಡ್ಡೇನಯ್ಯಾ?’ ಅಂದುಬಿಟ್ಟರು. ಯಜಮಾನರು ಲೋಟ ಕೆಳಗಿಟ್ಟು ಎದ್ದು ಹೋದರು.

ಹಿರಿಯರ ಮಾತಿಗೆ ಎದುರಾಡುವುದು ನಮ್ಮ ಕೆಲಸವಲ್ಲ. ಆದರೆ ತುಂಡು ತುಂಡಾಗಿ ನಡೆಯುವುದು ಹೊಸದೇನೂ ಅಲ್ಲ ಅನ್ನುವುದನ್ನು ಹೇಳಲೇಬೇಕು. ನರ್ಮದಾ ನದಿ 1,312 ಕಿ.ಮೀ. ಉದ್ದ. ಅದನ್ನು ಪ್ರದಕ್ಷಿಣೆ ಹಾಕುವುದಕ್ಕೆ ಪರಿಕ್ರಮ ಅನ್ನುತ್ತಾರೆ. ಒಂದೇ ಬೀಸಿಗೆ ಆಗದವರು ಬಿಟ್ಟು ಬಿಟ್ಟು ನಡೆಯುತ್ತಾರೆ, ಅದಕ್ಕೆ ಖಂಡ ಪರಿಕ್ರಮ ಅಂತಲೇ ಹೆಸರಿದೆ. ಮಳೆಗಾಲದ ಚಾತುರ್ಮಾಸದಲ್ಲಿ ಪೂರ್ತಿ ನಡೆಯುವವರೂ ಒಂದು ಕಡೆ ತಂಗಬೇಕೆಂಬ ಕಟ್ಟಳೆ. ಜಬಲ್ಪುರದ ಚಿತ್ರಕಲಾ ಮೇಷ್ಟ್ರು ಅಮೃತಲಾಲ್ ವೇಗಡ್ ಅಂತ ಇದ್ದರು, 2018ರಲ್ಲಿ ತೀರಿಕೊಂಡರು. 1977ರಲ್ಲಿ, ವಯಸ್ಸು ಐವತ್ತರ ಹತ್ತಿರ ಬಂದಾಗ, ಹೀಗೆ ಬಿಟ್ಟು ಬಿಟ್ಟು ನಡೆಯಲು ಶುರು ಮಾಡಿ ವರ್ಷಾನುಗಟ್ಟಲೆ ನಡೆದು, ಅದರ ಮೇಲೆ ಪುಸ್ತಕ ಬರೆದು ಸಾಹಿತ್ಯ ಅಕಾಡೆಮಿ ಬಹುಮಾನವನ್ನೂ ತೆಗೆದುಕೊಂಡರು. ಅಮೆರಿಕದಲ್ಲಿ ಅಪಲೇಚಿಯನ್ ಟ್ರೇಲ್ ಅಂತ ಸುಮಾರು 3,500 ಕಿ.ಮೀ. ಕಾಲುದಾರಿ ಇದೆ. ಅಲ್ಲಿಯೂ ಕೆಲಸಬೊಗಸೆ ಇರುವವರು ವರ್ಷಕ್ಕೊಂದು ತುಂಡು ನಡೆಯುವುದೇ. ದಕ್ಷಿಣದ ತುಂಡಿಗೆ ಒಂದು ಕಾಲ, ಹಿಮ ಬೀಳುವ ಉತ್ತರದ ತುಂಡಿಗೆ ಇನ್ನೊಂದು ಕಾಲ ಅಂತ ಆರಿಸಿಕೊಳ್ಳುತ್ತಾರೆ.

ಅಲ್ಲೇ ಇರುವುದು ಗುಟ್ಟು. ಒಂದೇ ಸಲ ನಡೆಯುವವನು ಬಿಸಿಲೋ ಮಳೆಯೋ ಬಂದದ್ದನ್ನು ಅನುಭವಿಸಬೇಕು. ಕಂತಿನವನು ದಾರಿ ನೋಡಿ ತಿಂಗಳು ಆರಿಸಬಹುದು. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಮೇಲೆ ಧರ್ಮಸ್ಥಳಕ್ಕೆ ಸುಮಾರು 130 ಕಿ.ಮೀ. ಅಷ್ಟರಲ್ಲೇ ಬಯಲುಸೀಮೆಯ ಅಂಚು, ಮಲೆನಾಡು, ಘಾಟಿ, ಕರಾವಳಿಯ ಸೆಕೆ, ನಾಲ್ಕೂ ಇವೆ. ನಾಲ್ಕಕ್ಕೂ ಒಂದೇ ತಿಂಗಳು ಹೊಂದುವುದಿಲ್ಲ.

ಶಿವರಾತ್ರಿಯ ಅನುಕೂಲ, ಶಿವರಾತ್ರಿಯ ಕಷ್ಟ

ಶಿವರಾತ್ರಿಗೇ ಯಾಕೆ ಎಲ್ಲರೂ ನಡೆಯುತ್ತಾರೆ ಅನ್ನೋದಕ್ಕೆ ಕಾರಣ ಇದೆ. ದಾರಿಯುದ್ದಕ್ಕೂ ಅರವಟ್ಟಿಗೆ, ಪಾನಕ, ಮಜ್ಜಿಗೆ, ಊರೂರಿಗೆ ಅನ್ನ ಹಾಕುವವರು, ಮಲಗಲು ಶಾಲೆ ಜಗಲಿ, ಶಾಮಿಯಾನ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಸ್ವಯಂಸೇವಕರು. ಜೇಬಿನಲ್ಲಿ ಕಾಸಿಲ್ಲದೆಯೂ ನಡೆದು ಹೋಗಬಹುದಾದ ದಿನಗಳು ವರ್ಷಕ್ಕೆ ಅವಿಷ್ಟೇ. ಡಿಸೆಂಬರಿನಲ್ಲಿ ನಡೆದು ನೋಡಿ, ಒಂದು ಲೋಟ ನೀರು ಕೊಡುವವರಿಲ್ಲ. ‘ಎಲ್ಲಿಗೆ ಸ್ವಾಮಿ, ಬಸ್ಸು ಸಿಗಲಿಲ್ವಾ?’ ಅಂತ ಕೇಳುತ್ತಾರೆ ಅಷ್ಟೆ.

ಕಷ್ಟ ಏನೆಂದರೆ ಶಿವರಾತ್ರಿ ನಿಂತ ಕಡೆ ನಿಲ್ಲುವ ಹಬ್ಬವಲ್ಲ. ಮಾಘ ಬಹುಳ ಚತುರ್ದಶಿ. 2021ರಲ್ಲಿ ಮಾರ್ಚ್ 11, 2022ರಲ್ಲಿ ಮಾರ್ಚ್ 1, 2023ರಲ್ಲಿ ಫೆಬ್ರುವರಿ 18, 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರುವರಿ 26, 2026ರಲ್ಲಿ ಫೆಬ್ರುವರಿ 15. ಫೆಬ್ರುವರಿ ನಡುವಿಗೆ ಬಿದ್ದರೆ ಹಾಸನದಲ್ಲಿ ಬೆಳಗಿನ ಹೊತ್ತು ಇನ್ನೂ ತಂಪು. ಮಾರ್ಚಿಗೆ ಹೋಯಿತೋ, ಹತ್ತು ಗಂಟೆಗೇ ಟಾರು ಸುಡುತ್ತದೆ. ಅಧಿಕ ಮಾಸದ ಲೆಕ್ಕದಲ್ಲಿ ಬರುವ ಈ ಇಪ್ಪತ್ತು ಚಿಲ್ಲರೆ ದಿನದ ವ್ಯತ್ಯಾಸ ಅಂಗಾಲಿಗೆ ಗೊತ್ತಾಗುತ್ತದೆ. ಆದ್ದರಿಂದ ಹರಕೆ ಹೊರುವವರು ‘ಬರೋ ಶಿವರಾತ್ರಿಗೆ’ ಅನ್ನುವ ಮೊದಲು ಒಂದು ಸಲ ಕ್ಯಾಲೆಂಡರ್ ತಿರುಗಿಸುವುದು ಒಳ್ಳೆಯದು.

ಬಿಸಿಲು ತಪ್ಪಿಸಲು ರಾತ್ರಿ ನಡೆಯುತ್ತಾರೆ. ಅಲ್ಲಿ ಇನ್ನೊಂದು ಗಂಡಾಂತರ. ಹೆದ್ದಾರಿಯಲ್ಲಿ ಪಾದಯಾತ್ರಿಗಳಿಗೆ ವಾಹನ ಗುದ್ದಿದ ಸುದ್ದಿ ಬರೆದು ಬರೆದು ನಮ್ಮ ಕೈಗೂ ಬೇಸರ ಬಂದಿದೆ. ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಗಡೆ ನಡೆಯಿರಿ, ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಿ ಅಂತ ಪೊಲೀಸರು ಹೇಳುತ್ತಲೇ ಇರುತ್ತಾರೆ. ಕಪ್ಪು ಪಂಚೆ, ಕಪ್ಪು ಶರ್ಟು ಹಾಕಿಕೊಂಡು ಕತ್ತಲಲ್ಲಿ ಸಾಲಾಗಿ ಎಡಗಡೆ ನಡೆಯುವವರನ್ನು ಈಗಲೂ ನೋಡುತ್ತೇವೆ.

ಈಗ ದಾರಿಗೆ ಬರೋಣ. ಬೆಂಗಳೂರಿನಿಂದ ನಡೆಯುವವರಿಗೆ ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ಮೇಲೆ ಹಾಸನ. ಸುಮಾರು 185 ಕಿ.ಮೀ. ಹೆದ್ದಾರಿ, ನೆರಳಿಲ್ಲ, ನೋಡುವುದಕ್ಕೂ ಹೆಚ್ಚೇನಿಲ್ಲ. ನವೆಂಬರ್ ಕೊನೆಯಿಂದ ಜನವರಿ ಒಳಗೆ ಮುಗಿಸಿಬಿಡಿ. ಆ ದಾರಿಗೆ ಅಷ್ಟು ಸಾಕು.

ಹಾಸನದಿಂದ ಬೇಲೂರು ಸುಮಾರು 38 ಕಿ.ಮೀ. ಒಂದೇ ದಿನಕ್ಕೆ ಆಗುತ್ತದೆ ಅನ್ನುವವರ ಮಾತು ನಂಬಬೇಡಿ. ಕಂತಿನಲ್ಲಿ ನಡೆಯುವವನಿಗೆ ಒಂದು ತೊಂದರೆ ಇದೆ. ಸತತವಾಗಿ ನಡೆಯುವವನಿಗೆ ಮೂರನೇ ದಿನಕ್ಕೆ ಕಾಲು ಪಳಗುತ್ತದೆ. ಕಂತಿನವನಿಗೆ ಪ್ರತಿ ಸಲವೂ ಮೊದಲನೇ ದಿನವೇ. ಯಜಮಾನರು ಹಗರೆಯಲ್ಲಿ ಮುರಿದರು. ಒಂದು ಮಂಗಳವಾರ ಹಾಸನ-ಹಗರೆ, ಮುಂದಿನ ಮಂಗಳವಾರ ಹಗರೆ-ಬೇಲೂರು. 2024ರ ಡಿಸೆಂಬರ್, ಧನುರ್ಮಾಸ.

ಈ ಧನುರ್ಮಾಸದ ಲೆಕ್ಕ ಅಂಗಡಿಯವರು ಗಮನಿಸಬೇಕಾದ್ದು. ವ್ಯಾಪಾರ ಮಲಗುವ ಕಾಲ ವರ್ಷಕ್ಕೆ ಮೂರು. ಆಷಾಢ, ಪಿತೃಪಕ್ಷ, ಧನುರ್ಮಾಸ. ಮೂರರಲ್ಲೂ ಮದುವೆ ಮುಂಜಿ ಇಲ್ಲ, ದೊಡ್ಡ ಪಟ್ಟಿ ಹಿಡಿದು ಬರುವ ಗಿರಾಕಿ ಇಲ್ಲ. ಆಷಾಢದಲ್ಲಿ ಮಲೆನಾಡಿನ ಮಳೆ ಯಾರಿಗೂ ಹೇಳಬೇಕಿಲ್ಲ. ಪಿತೃಪಕ್ಷದ ಕಥೆ ಮುಂದೆ ಬರುತ್ತದೆ. ಉಳಿದದ್ದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕದ ಧನುರ್ಮಾಸ. ಬಿಸಿಲು ಹಿತ, ಮಳೆ ಇಲ್ಲ, ಗಲ್ಲಾಪೆಟ್ಟಿಗೆಗೂ ನಷ್ಟ ಕಡಿಮೆ. ನಡಿಗೆಗೆ ಒಳ್ಳೆಯ ತಿಂಗಳೂ ಅಂಗಡಿಗೆ ಬಿಡುವಿನ ತಿಂಗಳೂ ಒಂದೇ ಆಗಿರುವುದು ನಮ್ಮ ಕಡೆಯ ಅದೃಷ್ಟ. ದೀಪಾವಳಿ ಆಸುಪಾಸಿನ ದಿನಗಳನ್ನು ಮಾತ್ರ ಹಾಸನದ ವ್ಯಾಪಾರಿಗಳು ಕನಸಿನಲ್ಲೂ ಎಣಿಸಬಾರದು. ಹಾಸನಾಂಬೆ ಬಾಗಿಲು ತೆಗೆದಾಗ ಅಂಗಡಿ ಬಾಗಿಲು ಹಾಕುವವರುಂಟೇ? ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಧನುರ್ಮಾಸದ ಒಂದೇ ತಕರಾರು ಮಂಜು. ಹಾಸನ-ಬೇಲೂರು ರಸ್ತೆಯಲ್ಲಿ ಬೆಳಿಗ್ಗೆ ಎಂಟರವರೆಗೂ ಎದುರಿನ ಲಾರಿ ಕಾಣದ ದಿನಗಳಿವೆ. ರೈತರು ರಾಗಿ, ಹುರುಳಿಯನ್ನು ರಸ್ತೆಗೇ ಹಾಸಿರುತ್ತಾರೆ. ಗಾಡಿಗಳು ಅದನ್ನು ತಪ್ಪಿಸಲು ಅಂಚಿಗೆ ಬರುತ್ತವೆ, ಅಂಚಿನಲ್ಲಿ ನೀವಿರುತ್ತೀರಿ. ಹುಷಾರು.

ಆನೆಯ ಸಮಯ ಬಿಟ್ಟು ನಡೆಯಿರಿ

ಬೇಲೂರಿನಿಂದ ಮೂಡಿಗೆರೆಗೆ ಈ ವರದಿಗಾರನೂ ಜೊತೆಗಿದ್ದ. 2025ರ ಜನವರಿ ಮೊದಲ ವಾರ. ಚನ್ನಕೇಶವನಿಗೆ ಕೈಮುಗಿದು ಹೊರಟೆವು. ಯಗಚಿ ದಾಟಿ ಸ್ವಲ್ಪ ದೂರಕ್ಕೆ ಹೊಲ ಮುಗಿದು ತೋಟ ಶುರುವಾಗುತ್ತದೆ. ಅಲ್ಲಿಂದ ನೆರಳಿಗೆ ಬರವಿಲ್ಲ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತು, ರೊಬಸ್ಟಾ ಹಣ್ಣಾಗುತ್ತಿತ್ತು. ಆಳುಗಳನ್ನು ತುಂಬಿಕೊಂಡ ಜೀಪುಗಳ ಓಡಾಟ ಬೆಳಿಗ್ಗೆಯೂ ಸಂಜೆಯೂ ಜಾಸ್ತಿ. ಮಾರ್ಚಿನಲ್ಲಿ ಒಂದು ಮಳೆ ಬಿದ್ದು ಕಾಫಿ ಹೂವಾದರೆ ಇದೇ ದಾರಿ ಮಲ್ಲಿಗೆ ಅಂಗಡಿ ಇದ್ದಂತೆ ಇರುತ್ತದೆ ಎಂದು ತೋಟದವರು ಹೇಳುತ್ತಾರೆ, ಅದು ನಿಜ. ಈ ಒಂದು ತುಂಡನ್ನು ಮಾತ್ರ ಮಾರ್ಚಿನಲ್ಲೂ ನಡೆಯಬಹುದು ಅನ್ನುವುದು ನಮ್ಮ ಅಭಿಪ್ರಾಯ, ಬರಿಗಾಲಿನವರಿಗಲ್ಲ.

ಆದರೆ ಆನೆ. ಬೇಲೂರು, ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳಲ್ಲಿ ಕಾಡಾನೆ ಈಗ ನೆಂಟರಲ್ಲ, ಮನೆಯವರೇ. ತೋಟದ ಕೂಲಿಯವರು, ಬೆಳೆಗಾರರು ಆನೆ ತುಳಿತಕ್ಕೆ ಸತ್ತ ಸುದ್ದಿ ಈ ಭಾಗಕ್ಕೆ ಹೊಸದಲ್ಲ. ಭತ್ತ ಕೊಯ್ಲಿನ ನವೆಂಬರ್-ಡಿಸೆಂಬರಿನಲ್ಲಿ ಗದ್ದೆಗೆ ಇಳಿಯುತ್ತವೆ. ತೋಟದ ಬೇಲಿ ಮುರಿದಿದ್ದರೆ, ರಸ್ತೆ ಮೇಲೆ ಹಸಿ ಲದ್ದಿ ಇದ್ದರೆ, ಆ ಬೆಳಿಗ್ಗೆ ನಡಿಗೆ ಬೇಡ. ಎಲ್ಲಿ ಬೀಡುಬಿಟ್ಟಿವೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಇದೆ. ಅದಕ್ಕಿಂತ ಸುಲಭ, ಬಸ್ ಕಂಡಕ್ಟರನ್ನು ಕೇಳುವುದು. ಹಿಂದಿನ ಟ್ರಿಪ್ಪಿನಲ್ಲಿ ಏನು ಕಂಡರು ಅಂತ ಅವರಿಗೆ ಗೊತ್ತಿರುತ್ತದೆ. ನಾವು ಬೆಳಿಗ್ಗೆ ಏಳೂವರೆ ಆದ ಮೇಲೆ ಹೊರಟು ಐದರ ಒಳಗೆ ಮೂಡಿಗೆರೆ ಮುಟ್ಟಿದೆವು. ಬಿಸಿಲು ತಪ್ಪಿಸಲು ಮುಂಜಾನೆ ನಾಲ್ಕಕ್ಕೆ ಎದ್ದು ನಡೆಯುವ ಶಿವರಾತ್ರಿ ಪದ್ಧತಿ ಈ ತುಂಡಿಗೆ ಸಲ್ಲದು. ಗುಂಪಿದ್ದರೆ ಗಲಾಟೆಗೆ ಆನೆ ದೂರ ಇರಬಹುದು, ಒಬ್ಬಂಟಿಗೆ ಆ ಧೈರ್ಯ ಬೇಡ.

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರ ಮನೆಯವರು ಬುತ್ತಿ ಹಿಡಿದು ಕಾಯುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಲ್ಲವೇ? ‘ನೀವು ನಡೀರಿ, ನಾನು ಬಸ್ಸಲ್ಲಿ ಬರ್ತೀನಿ, ನಂಗೇನ್ ಖರ್ಚು’ ಅಂತ ಆಯಮ್ಮ ಪ್ರತಿ ಕಂತಿಗೂ ಎದುರು ಬಂದು ಕೂರುತ್ತಾರೆ. ವಾಪಸ್ ಬರುವಾಗ ಟಿಕೆಟ್ಟಿಗೆ ಕಾಸು ಕೊಡುವುದು ನಡೆದು ಸುಸ್ತಾದ ಗಂಡ ಒಬ್ಬರೇ.

ಇನ್ನು ಪಿತೃಪಕ್ಷದ ಕಥೆ. ಮೂಡಿಗೆರೆಯಿಂದ ಬಣಕಲ್ ಮೇಲೆ ಕೊಟ್ಟಿಗೆಹಾರ, ಇಪ್ಪತ್ತು ಕಿ.ಮೀ. ಒಳಗಿನ ದಾರಿ. ಚಿಕ್ಕ ಕಂತು, ಯಾವಾಗ ಬೇಕಾದರೂ ಮುಗಿಸಬಹುದು ಅಂತ ಉಡಾಫೆ ಮಾಡಿ 2025ರ ಸೆಪ್ಟೆಂಬರಿನಲ್ಲಿ, ಹೇಗೂ ವ್ಯಾಪಾರವಿಲ್ಲ ಅಂತ ಯಜಮಾನರು ಹೊರಟರು. ಹಾಸನದಲ್ಲಿ ಬಿಸಿಲು. ಮೂಡಿಗೆರೆಯಲ್ಲಿ ಇಳಿದಾಗ ಜಿಟಿಜಿಟಿ. ಬಣಕಲ್ ತಲುಪುವಷ್ಟರಲ್ಲಿ ಛತ್ರಿ ತಿರುಗಿ ನಿಂತಿತ್ತು, ಪಂಚೆ ಎತ್ತಿ ನೋಡಿದರೆ ಎರಡೂ ಕಾಲಿಗೆ ಇಂಬಳ. ನಶ್ಯ, ಸುಣ್ಣ ಏನೂ ತಂದಿರಲಿಲ್ಲ. ಹೋಟೆಲಿನವರಲ್ಲಿ ಉಪ್ಪು ಇಸಕೊಂಡು ಕಿತ್ತು ಹಾಕಿ, ಬಣಕಲ್‌ನ ಕಲ್ಲಿಗೆ ಕುಂಕುಮ ಇಟ್ಟರೆ ಅದೂ ಮಳೆಗೆ ಹರಿದು ಹೋಯಿತು. ಮಲೆನಾಡಿನ ಮಳೆಗಾಲ ಮುಗಿಯುವುದು ಕ್ಯಾಲೆಂಡರಿನಲ್ಲಲ್ಲ. ದೀಪಾವಳಿ ಕಳೆದು ಎರಡು ವಾರ ಒಣಗಿದ ಮೇಲೆ ಇಂಬಳವೂ ಕಡಿಮೆ, ಆಕಾಶವೂ ತಿಳಿ. ಡಿಸೆಂಬರಿನಲ್ಲಿ ಮತ್ತೆ ಹೋಗಿ ಬಣಕಲ್‌ನಿಂದ ಕೊಟ್ಟಿಗೆಹಾರ ಮುಗಿಸಿದರು. ಕೊಟ್ಟಿಗೆಹಾರದ ನೀರುದೋಸೆ ತಿಂದು, ‘ಇದಕ್ಕೋಸ್ಕರಾನೇ ಇನ್ನೊಂದು ಹರಕೆ ಹೊರಬಹುದು ಸಾರ್’ ಅಂತ ಫೋನು ಮಾಡಿದ್ದರು. ಅವರು ನಕ್ಕಿದ್ದು ಕೇಳಿ ಬಹಳ ದಿನವಾಗಿತ್ತು.

ಘಾಟಿ

ಉಳಿದಿರುವುದು ಚಾರ್ಮಾಡಿ. ಕೊಟ್ಟಿಗೆಹಾರ ಬಿಟ್ಟರೆ ಕೆಳಗೆ ಚಾರ್ಮಾಡಿ ಊರಿನ ತನಕ ಇಪ್ಪತ್ತು ಕಿ.ಮೀ. ಮೇಲ್ಪಟ್ಟು ಊರಿಲ್ಲ, ಹೋಟೆಲಿಲ್ಲ, ಎಷ್ಟೋ ತಿರುವಿನಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಮಲಯಮಾರುತ, ಅಣ್ಣಪ್ಪಸ್ವಾಮಿ ಗುಡಿ, ಇಳಿಜಾರು, ತಿರುವು. ಶಿವರಾತ್ರಿಯಲ್ಲಿ ಸಾವಿರಾರು ಜನರ ನಡುವೆ ಇಳಿಯುವವರಿಗೆ ಇದರ ನಿರ್ಜನತೆ ಗೊತ್ತಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಾಲಿಡುವ ಮಾತೇ ಬೇಡ. 2019ರ ಆಗಸ್ಟ್ ಮಳೆಗೆ ಹಲವು ಕಡೆ ಗುಡ್ಡ ಜರಿದು ರಸ್ತೆಯೇ ಬಂದ್ ಆಗಿತ್ತು, ಭಾರೀ ವಾಹನಗಳಿಗೆ ತಿಂಗಳುಗಟ್ಟಲೆ ಬಿಡಲಿಲ್ಲ. ಅಂಥ ದಿನ ಬಸ್ಸಿನವರೇ ನಿಂತು ನೋಡಿ ಹೋಗುವಾಗ ನಡೆಯುವವನಿಗೆ ಏನು ಕೆಲಸ? ಅಕ್ಟೋಬರಿನಲ್ಲಿ ಜಲಪಾತ ತುಂಬಿರುತ್ತದೆ, ನೋಡಲು ಚೆಂದ, ಆದರೆ ಮಧ್ಯಾಹ್ನಕ್ಕೆ ಗುಡುಗು. ಫೆಬ್ರುವರಿ-ಮಾರ್ಚಿಗೆ ಬಂಡೆ ಒಣಗಿ, ಹುಲ್ಲು ಒಣಗಿ, ಯಾರೋ ಎಸೆದ ಬೀಡಿಗೆ ಗುಡ್ಡ ಉರಿಯುವ ಕಾಲ. ನವೆಂಬರ್ ಕೊನೆಯಿಂದ ಜನವರಿ, ಇದೇ ಘಾಟಿಗೆ ಸರಿ. ಭಾನುವಾರ, ಸಾಲು ರಜೆ ಬೇಡ. ರಸ್ತೆ ನಡುವೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರ ಮಧ್ಯೆ ನಡೆಯಲು ಜಾಗವಿರುವುದಿಲ್ಲ. ಇಲ್ಲಿ ಮಂಗಳವಾರ ರಜೆಯವನೇ ಸುಖಿ.

ಇಳಿಯುವುದು ಸುಲಭ ಅಂದುಕೊಂಡವರು ಮೊಣಕಾಲನ್ನು ಕೇಳಬೇಕು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಕಂತಿನವನಿಗೆ ಇಲ್ಲೊಂದು ಲಾಭ, ದಣಿಯದ ಕಾಲಲ್ಲಿ ಇಳಿಯಬಹುದು. ಕೆಳಗೆ ಇಳಿದ ಕೂಡಲೇ ಸೆಕೆ ಮುಖಕ್ಕೆ ಹೊಡೆಯುತ್ತದೆ. ಮೇಲೆ ಸ್ವೆಟರು, ಕೆಳಗೆ ಬನಿಯನ್ನು. ನೀರು ಎರಡರಷ್ಟು ಬೇಕು. ಖಾಲಿ ಬಾಟಲಿ ವಾಪಸ್ ತನ್ನಿ ಸ್ವಾಮಿ, ಘಾಟಿ ತುಂಬ ಪಾದಯಾತ್ರಿಗಳ ಪ್ಲಾಸ್ಟಿಕ್ಕೇ ಬಿದ್ದಿದೆ. ಹರಕೆ ತೀರಿಸಲು ಹೋಗಿ ದಾರಿಗೆ ಹೇಸಿಗೆ ಮಾಡಬಾರದು.

ಕಕ್ಕಿಂಜೆ, ಮುಂಡಾಜೆ, ಉಜಿರೆ ತನಕ ಮತ್ತೊಂದು ದಿನ. ಊರುಗಳಿವೆ, ಬಸ್ಸುಗಳಿವೆ, ಚಿಂತೆಯಿಲ್ಲ. ಉಜಿರೆಯಿಂದ ಧರ್ಮಸ್ಥಳಕ್ಕೆ 9 ಕಿ.ಮೀ. ಈ ಕೊನೆ ತುಂಡನ್ನು ಮಾತ್ರ ಒಂಟಿಯಾಗಿ ಮುಗಿಸಬೇಡಿ ಅನ್ನುವುದು ನಮ್ಮ ಸಲಹೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೋ ಶಿವರಾತ್ರಿಗೋ ಇಟ್ಟುಕೊಳ್ಳಿ. 9 ಕಿ.ಮೀ.ಗೆ ಮಾರ್ಚಿನ ಬಿಸಿಲಾದರೂ ಏನು ಮಾಡೀತು, ಸಂಜೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ನೇತ್ರಾವತಿ ದಾಟಿರುತ್ತೀರಿ. ಉಳಿದ ನೂರಿಪ್ಪತ್ತು ಕಿ.ಮೀ. ಚಳಿಗಾಲಕ್ಕೆ, ಈ ಒಂಬತ್ತು ಜನಜಾತ್ರೆಗೆ.

ಯಜಮಾನರು ಹಾಗೇ ಮಾಡುವವರಿದ್ದಾರೆ. ಸಂಕ್ರಾಂತಿ ಆಸುಪಾಸಿನ ಎರಡು ಮಂಗಳವಾರ ಘಾಟಿ ಇಳಿದು ಉಜಿರೆ, ಶಿವರಾತ್ರಿಗೆ ಕೊನೆಯ ತುಂಡು. ಅದಕ್ಕೆ ಮಗಳೂ ನಡೆದು ಬರುತ್ತಾಳಂತೆ. ಮೊನ್ನೆ ಟೀ ಅಂಗಡಿಯಲ್ಲಿ ಮೂವತ್ತು ಸಲ ನಡೆದ ಆ ಹಿರಿಯರು ಮತ್ತೆ ಸಿಕ್ಕಿದ್ದರು. ಈಗ ಅವರಿಗೂ ಮಂಡಿ ನೋವು, ಡಾಕ್ಟರು ದೂರ ನಡೆಯಬೇಡಿ ಅಂದಿದ್ದಾರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಂಗಳವಾರ ಯಾವ್ ಬಸ್ಸಿಗೆ ಹೋಗ್ತಾನಂತೆ ಅವ್ನು?’ ಅಂತ ಕೇಳಿದರು.

ಮೊದಲ ಬಸ್ಸಿಗೆ ಅಂದೆವು.

ಕಟ್ಟಿನಕೆರೆ ಕಡೆಯ ಗಿರಾಕಿಗಳು ಗಮನಿಸಬೇಕಾದ್ದು: ಶಿವರಾತ್ರಿಯ ಹಿಂದಿನ ದಿನದಿಂದ ಮೂರು ದಿನ ಅಂಗಡಿ ಬಾಗಿಲು ಹಾಕಿರುತ್ತದೆ. ಉಪವಾಸದ ಅವಲಕ್ಕಿ, ಸಬ್ಬಕ್ಕಿ, ಬೆಲ್ಲ ಮುಂಚಿತವಾಗಿಯೇ ಕಟ್ಟಿಸಿಕೊಂಡು ಹೋಗಬೇಕೆಂದು ಯಜಮಾನರ ಮನೆಯವರು ತಿಳಿಸಿದ್ದಾರೆ.